ಗೋಡೆ ಮೇಲಿನ ಎತ್ತು ಯಾರದು?

ಹಾಲಿನ ಡೇರಿಯ ಗೋಡೆಯ ಮೇಲೆ ಹೊತ್ತೇರುವಷ್ಟರಲ್ಲಿ ಒಂದು ಎತ್ತು ಬಂದು ನಿಂತಿತ್ತು. ಬಿಳಿ ಎತ್ತು, ದೊಡ್ಡ ಕಣ್ಣು, ಹೆಗಲ ಮೇಲೆ ಅಂಗೈಯಗಲ ಹಸಿ ಹುಣ್ಣು. ನೋಡಿದ್ದೇ ತಡ, ಹಾಲು ಹಾಕಲು ಬಂದಿದ್ದ ಗಾದಿಲಿಂಗಮ್ಮನ ಎದೆ ಧಸಕ್ಕೆಂದಿತು. ಇದು ತಮ್ಮದೇ ಎತ್ತು!

ಆಂಧ್ರದ ಗಡಿಯ ಪೆದ್ದಕಡುಬೂರಿನ ಪಕ್ಕದ ಆ ಊರಲ್ಲಿ ಕಾರಹುಣ್ಣಿಮೆ ಈಗಷ್ಟೇ ಮುಗಿದಿತ್ತು. ಹಬ್ಬದ ದಿನ ಎತ್ತಿನ ಹುಣ್ಣು ನಾಲ್ಕು ಜನರ ಕಣ್ಣಿಗೆ ಬೀಳದಿರಲಿ ಎಂದು ಆಕೆಯ ಗಂಡ ಜಂಬಪ್ಪ, ಕೊಂಬಿಗೆ ಹಚ್ಚಿದ ಕೆಂಪು ಪೇಂಟನ್ನೇ ಅದರ ಮೇಲೂ ಬಳಿದಿದ್ದ. ಇದು ಗಂಡ ಹೆಂಡತಿಯನ್ನು ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ಹಾಗಿದ್ದ ಮೇಲೆ ಗೋಡೆಗೆ ಹೇಗೆ ಗೊತ್ತಾಯಿತು?

ಚಿತ್ರ ಬರೆಯುತ್ತಿದ್ದವಳು ಅಶ್ವಿನಿ, ಆದೋನಿಯ ಹತ್ತಿ ವ್ಯಾಪಾರಿಯ ಮಗಳು. ದನಕರುಗಳ ನೋವು ಜನರಿಗೆ ಕಾಣಲಿ ಎಂದು ಊರೂರು ತಿರುಗಿ ಗೋಡೆಗಳ ಮೇಲೆ ಬರೆಯುತ್ತಿದ್ದಳು. ಗಾದಿಲಿಂಗಮ್ಮನಿಗೆ ಆಕೆಯ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದುರಿಗೆ ಹೋಗಿ ನಿಂತಳು.

"ನಿಜಂ ಚೆಪ್ಪಮ್ಮಾ, ಖರೇ ಹೇಳು, ನಮ್ಮ ಕೊಟ್ಟಿಗಿಯಾಗ ಯಾವಾಗ ಇಣುಕಿದಿ? ನಮ್ಮ ಎತ್ತು ಹಿಡಕೊಂಡು ಹೋಗಾಕ ಯಾರನ್ನ ಕರಸ್ತಿ?"

"ಇಲ್ರಿ ಅಕ್ಕಾ, ನಿಮ್ಮ ಮನಿ ಎಲ್ಲೈತಿ ಅಂತನೂ ನಂಗೊತ್ತಿಲ್ಲ. ಇದು ಗೋನೆಗಂಡ್ಲ ಊರಿನ ಕಡಿ ಎತ್ತು. ಪಶು ಡಾಕ್ಟರು ಫೋಟೋ ಕೊಟ್ರು, ನಾ ಬರದೆ."

"ಯಾರಾರ ಸುಮ್ಸುಮ್ನ ಬಿಸಲಾಗ ನಿಂತು ಗ್ವಾಡಿ ಮ್ಯಾಲ ಬೊಮ್ಮ ಬರಿತಾರಾ? ನಿನಗೇನೋ ಲಾಭ ಐತಿ."

ಅಷ್ಟರಲ್ಲಿ ಪಕ್ಕದ ಮನೆಯ ಉಚ್ಚೀರಪ್ಪ ದಾಪುಗಾಲು ಹಾಕುತ್ತ ಬಂದ. "ಏನವ್ವಾ, ನಮ್ಮ ಎತ್ತಿನ ಬೊಮ್ಮ ಬರದು ನನ್ನ ಮಾನ ಯಾಕ ಕಳಿತಿ? ಒರಸು ಮೊದ್ಲು!"

"ನಿನ್ನ ಎತ್ತು ಹ್ಯಾಂಗಾತು ಅಣ್ಣಾ? ಅದು ನಮ್ಮದು!" ಎಂದು ಗಾದಿಲಿಂಗಮ್ಮನ ಬಾಯಿಂದ ಬಂದೇ ಬಿಟ್ಟಿತು. ಅಂದವಳು ನಾಲಿಗೆ ಕಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗಾಯಿತು ಇಬ್ಬರ ಕಥೆ.

ಅಶ್ವಿನಿ ನಗಲಿಲ್ಲ. "ಹುಣ್ಣಿಗೆ ಏನು ಹಚ್ಚೀರಿ?" ಎಂದು ಕೇಳಿದಳು.

"ಪೇಂಟು" ಎಂದಳು ಗಾದಿಲಿಂಗಮ್ಮ, ನೆಲ ನೋಡುತ್ತ.

"ನಾ ಇಂಜಿನ್ ಆಯಿಲ್ ಸುರುವೀನಿ" ಎಂದ ಉಚ್ಚೀರಪ್ಪ.

"ಎರಡೂ ಹಚ್ಚಬಾರದ್ರಿ. ಮ್ಯಾಲ ಮುಚ್ಚಿದಂಗ ಕಾಣತೈತಿ, ಒಳಗ ಕೊಳಿತೈತಿ. ಹುಣ್ಣು ಮಾಯೋತನಕ ನೊಗ ಇಡಬ್ಯಾಡ್ರಿ. ಪಶು ಆಸ್ಪತ್ರಿಗೆ ತೋರಸ್ರಿ."

"ಮಳಿ ಬಿದ್ದೈತಿ. ಹದ ಹೋದ್ರ ನೀ ಬಂದು ಬಿತ್ತತೀಯಾ?" ಎಂದು ಗೊಣಗುತ್ತ ಗಾದಿಲಿಂಗಮ್ಮ ಮನೆಗೆ ನಡೆದಳು. ಹುಡುಗಿ ಸುಳ್ಳು ಹೇಳುತ್ತಾಳೆ ಎಂದು ತೋರಿಸಬೇಕಿತ್ತು ಆಕೆಗೆ. ನೇರ ಕೊಟ್ಟಿಗೆಗೆ ಹೋಗಿ ಎತ್ತಿನ ಹೆಗಲು ನೋಡಿದಳು. ಪೇಂಟು ಒಂದು ಕಡೆ ಬಿರಿದಿತ್ತು. ಕೆಟ್ಟ ವಾಸನೆ. ಬಿರುಕಿನೊಳಗೆ ಬಿಳಿ ಹುಳುಗಳು ಮಿಸುಕಾಡುತ್ತಿದ್ದವು. ಆ ಮೂಕಪ್ರಾಣಿ ಇಷ್ಟನ್ನೂ ಹೊತ್ತುಕೊಂಡು ದುಡಿದಿತ್ತು. ಗಾದಿಲಿಂಗಮ್ಮ ಅತ್ತೇಬಿಟ್ಟಳು.

ಜಂಬಪ್ಪ ಹೊಲಕ್ಕೆ ಹೊರಡಲು ನೊಗ ಎತ್ತಿಕೊಂಡು ಬಂದ.

"ಇಳಸು ಅದನ್ನ. ಹುಣ್ಣು ಮಾಯೋತನಕ ನೊಗ ಇಡಬಾರದಂತ ಆ ಬೊಮ್ಮ ಬರಿಯೋ ಹುಡುಗಿ ಹೇಳ್ಯಾಳ" ಎಂದಳು ಆಕೆ.

"ಆ ಬಣ್ಣದ ಹುಡುಗಿ ಮಾತು ಕೇಳಿ ಹೊಲ ಬೀಳು ಬಿಡ್ಲೇನು?"

"ಬೀಳು ಯಾಕ ಬೀಳತೈತಿ? ಉಚ್ಚೀರಣ್ಣನ ಜೋಡ್ಯಾಗೂ ಒಂದಕ್ಕ ಹುಣ್ಣೈತಿ, ಇನ್ನೊಂದು ಗಟ್ಟಿ ಐತಿ. ನಮ್ಮದೊಂದು, ಅವರದೊಂದು ಹೂಡ್ರಿ. ಎರಡೂ ಒಂದ ಎತ್ತರ ಅದಾವ. ಇವತ್ತು ನಮ್ಮ ಹೊಲ, ನಾಳಿಗೆ ಅವರದು."

ಜಂಬಪ್ಪ ಕಣ್ಣು ಕಿರಿದು ಮಾಡಿದ. "ಅಂದ್ರ ಆ ಮಗನೂ ಮುಚ್ಚಿಟ್ಟಿದ್ನಾ?"

ನಾಚಿಕೆ ಇಬ್ಬರಲ್ಲಿ ಹಂಚಿಹೋದರೆ ಭಾರ ಕಡಿಮೆ ನೋಡಿ. ಜಂಬಪ್ಪ ನೊಗ ಕೆಳಗಿಟ್ಟು ಉಚ್ಚೀರಪ್ಪನ ಮನೆಗೆ ಹೋಗಿ ಕೇಳಿದ, ಅವನೂ ಒಪ್ಪಿದ. ಆ ದಿನವೇ ಪಶು ಡಾಕ್ಟರು ಬಂದು ಹುಳು ತೆಗೆದು, ಎರಡೂ ಎತ್ತುಗಳ ಹುಣ್ಣು ತೊಳೆದು, ಔಷಧಿ ಹಾಕಿದರು. ನೊಗದ ಗಂಟುಗಳನ್ನು ಕೆತ್ತಿ ನುಣುಪು ಮಾಡಲು ಹೇಳಿದರು. ಎರಡು ಮನೆಯ ಗಟ್ಟಿ ಎತ್ತುಗಳು ಕೂಡಿ ಎರಡೂ ಹೊಲ ಬಿತ್ತಿದವು. ಹುಣ್ಣಾದ ಎರಡು ಎತ್ತುಗಳು ಬೇವಿನ ನೆರಳಲ್ಲಿ ಮಲಗಿ ಮೆಲುಕು ಹಾಕಿದವು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ದುಡಿಯುವ ಎತ್ತು ಇರಬಹುದು. ಇವತ್ತು ಸಂಜೆ ಅದರ ಹೆಗಲ ಮೇಲೆ ಮೆಲ್ಲಗೆ ಅಂಗೈ ಇಡಿ. ಅದು ಬೆಚ್ಚಿ ಹಿಂದೆ ಸರಿದರೆ ನಾಳೆ ನೊಗ ಇಡಬೇಡಿ, ಪಶು ಆಸ್ಪತ್ರೆಗೆ ಹೇಳಿ ಕಳಿಸಿ. ನಾಚಿಕೆಯಾದರೆ ಆಗಲಿ. ನಾಚಿಕೆಯಿಂದ ಯಾರಿಗೂ ಹುಳು ಬೀಳುವುದಿಲ್ಲ.