ಮೂರನೇ ಪಿನ್ನು

ನಮ್ಮ ಯಂತ್ರಕುಲದಲ್ಲಿ ಎರಡೇ ಜಾತಿ. ಮೂರು ಪಿನ್ನಿನವರು, ಎರಡು ಪಿನ್ನಿನವರು. ಅತ್ತಿಗುಪ್ಪೆಯ ಈ ಬಾಡಿಗೆ ಮನೆಯಲ್ಲಿ ರಾಜ್ಯಭಾರವೆಲ್ಲ ಮೂರು ಪಿನ್ನಿನವರದೇ. ಫ್ರಿಜ್ಜು ಯಜಮಾನ. ಬಚ್ಚಲಿನ ಗೀಸರು, ಅಡುಗೆಮನೆಯ ಗ್ರೈಂಡರು ಅವನ ಪಂಚರು. ನಾನು ಟೇಬಲ್ ಫ್ಯಾನು, ಎರಡು ಪಿನ್ನಿನವನು. ಸಭೆಯಲ್ಲಿ ತಿರುಗಬಹುದು, ಮಾತಾಡುವಂತಿಲ್ಲ. ಪಿನ್ನು ಕಿತ್ತುಬಿಟ್ಟರಂತೂ ಕಿವಿಯಷ್ಟೇ ಗತಿ, ಬಾಯಿ ಬಂದ್.

ಇದಕ್ಕೊಂದು ಶಾಸ್ತ್ರವೂ ಇದೆ. ಮೂರನೇ ಪಿನ್ನು ಗೋಡೆಯೊಳಗಿನ ಹಸಿರು ವೈರಿಗೆ ಸೇರುತ್ತದೆ, ಆ ವೈರು ನೆಲಕ್ಕೆ ಇಳಿಯುತ್ತದೆ. ಹಾಗಾಗಿ ಅವರ ಮೈಯಿಂದ ಕರೆಂಟು ಸೋರಿದರೂ ಯಾರಿಗೂ ಏನೂ ಆಗುವುದಿಲ್ಲ.

"ನಮ್ಮ ಪಾಪ ಭೂಮಿತಾಯಿ ತಗೋತಾಳೆ. ನಿಮ್ ಪಾಪ ಮುಟ್ಟಿದೋರ ಕೈಗೆ ಹತ್ತುತ್ತೆ. ಅದಕ್ಕೇ ನೀವು ಆಳೋ ಹಂಗಿಲ್ಲ" ಎಂದು ಫ್ರಿಜ್ಜು ದಿನಾ ಗುಂಯ್‌ಗುಡುತ್ತಾನೆ.

ಅಪಾಯ ಬಂದು ಮನೆಯ ಕರೆಂಟು ನಿಲ್ಲಿಸಬೇಕಾದರೆ ಎರಡು ಪಿನ್ನಿನವನೊಬ್ಬ ತನ್ನನ್ನೇ ಶಾರ್ಟ್ ಮಾಡಿಕೊಂಡು ಉರಿಯಬೇಕು. ಅದೂ ಯಜಮಾನನ ಅಪ್ಪಣೆಯಾದರೆ ಮಾತ್ರ. ಎಂಥ ಕಾನೂನು ನೋಡಿ!

ನನ್ನನ್ನು ಈ ಮನೆಗೆ ತಂದವಳು ಸೊಸೆ ಕುಸುಮಾ, ಕೆಂಗೇರಿಯ ತವರಿನಿಂದ. ಹಾಲ್‌ನಲ್ಲಿದ್ದದ್ದು ಮೂರು ತೂತಿನ ಹಳೇ ಸಾಕೆಟ್ಟು. ಅವಳು ಮೇಲಿನ ತೂತಿಗೆ ಬೆಂಕಿಕಡ್ಡಿ ತುರುಕಿ ನನ್ನ ಎರಡು ಪಿನ್ನನ್ನು ಒಳಕ್ಕೆ ನೂಕಿದಳು. ಅಂದಿನಿಂದ ಫ್ರಿಜ್ಜಿನ ಬಾಯಲ್ಲಿ ನಾನು 'ಕಡ್ಡಿ ಹಾಕ್ಕೊಂಡು ನುಗ್ಗಿದೋನು'. ಬೈದುಕೊಳ್ಳಲಿ. ಭಾನುವಾರ ನನ್ನ ರೆಕ್ಕೆ ಬಿಚ್ಚಿ ಹಳೇ ಬನಿಯನ್ನಿನಲ್ಲಿ ಒರೆಸುತ್ತಿದ್ದವಳು ಅವಳೊಬ್ಬಳೇ. ಅವಳೆಂದರೆ ನನಗೆ ಪ್ರಾಣ.

ಆಯುಧಪೂಜೆಗೆ ಮುಂಚೆ ಎಲೆಕ್ಟ್ರಿಷಿಯನ್ ಮುರುಗೇಶ್ ಸ್ವಿಚ್ ಬದಲಾಯಿಸಲು ಬಂದು ಬೋರ್ಡು ಬಿಚ್ಚಿದ. ನಾನು ಎದುರಿಗೇ ಇದ್ದೆ. ಹಸಿರು ವೈರನ್ನು ಯಾರೋ ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿಬಿಟ್ಟಿದ್ದರು.

"ಅಮ್ಮಾ, ಮನೇಗೆ ಅರ್ಥಿಂಗೇ ಇಲ್ಲ. ಕಟ್ ಮಾಡಿ ಬಿಟ್ಟವ್ರೆ" ಎಂದ.

"ಓನರ್‌ಗೆ ಹೇಳ್ತೀವಿ ಬಿಡಪ್ಪ" ಎಂದರು ಅತ್ತೆ ಚಿಕ್ಕಲಕ್ಷ್ಮಮ್ಮ. ಹೇಳಲಿಲ್ಲ.

ಅಂದಿನ ಸಭೆಯಲ್ಲಿ ನಾನು ಕಾನೂನು ಮುರಿದು ಬಾಯಿ ತೆರೆದೆ. "ನಿಮ್ಮ ಮೂರನೇ ಪಿನ್ನು ಎಲ್ಲಿಗೂ ಹೋಗಿಲ್ಲ. ನೀವೂ ನಮ್ಮಂಗೇ."

ಫ್ರಿಜ್ಜು ಮೋಟರಿನ ಸದ್ದು ಏರಿಸಿದ. "ಎರಡು ಪಿನ್ನಿನೋನ ಸಾಕ್ಷಿ ಸಭೆಗೆ ಸಲ್ಲೋದಿಲ್ಲ" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ಗೀಸರು.

ಡಿಸೆಂಬರಿನ ಒಂದು ಬೆಳಿಗ್ಗೆ ಅದೇ ಗೀಸರಿನ ಕಾಯಿಲ್ ಒಡೆಯಿತು. ಕುಸುಮಾ ಒಣಗದ ಚೂಡಿದಾರದ ಮುಂದೆ ನನ್ನನ್ನು ಹಾಕಿಟ್ಟು, ಟವೆಲ್ ಹಿಡಿದು ಬಚ್ಚಲಿಗೆ ಹೊರಟಿದ್ದಳು.

"ಯಜಮಾನ್ರೇ, ಸೋರ್ತಾ ಇದೀನಿ. ಕರೆಂಟು ನೀರಿಗೇ ಇಳೀತಾ ಇದೆ!" ಎಂದು ಗೀಸರು ಕೂಗಿಕೊಂಡ.

"ಭೂಮಿಗೆ ಹೋಗುತ್ತೆ. ಸುಮ್ನಿರು" ಎಂದ ಫ್ರಿಜ್ಜು. ನನಗೆ ಅಪ್ಪಣೆ ಕೊಡಲಿಲ್ಲ. ಕೊಟ್ಟರೆ ವೈರು ಕತ್ತರಿಸಿದ್ದು ನಿಜವೆಂದು ಒಪ್ಪಿದ ಹಾಗಾಗುತ್ತಿತ್ತಲ್ಲ!

ಅಪ್ಪಣೆ ಮನೆ ಹಾಳಾಗಲಿ ಅಂದುಕೊಂಡೆ. ನನ್ನ ಸುರುಳಿಗಳನ್ನು ಒಂದಕ್ಕೊಂದು ತಾಗಿಸಿ ಉರಿದೆ. ಚಟ್ ಎಂದು ಮೀಟರಿನ ಪಕ್ಕದ ಎಂಸಿಬಿ ಸ್ವಿಚ್ಚು ಕೆಳಗೆ ಬಿತ್ತು, ಮನೆಯೆಲ್ಲ ಕತ್ತಲಾಯಿತು. ಕುಸುಮಾ ಬಚ್ಚಲಿನಿಂದ ಈಚೆಗೆ ಬಂದಳು. ಅವಳ ಪಾದದ ಸದ್ದು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಗಂಡ ಅರುಣ್ ಕುಮಾರ್ ಮೂಗು ಮುಚ್ಚಿಕೊಂಡು ಬಂದ. "ನಿನ್ ಡಬ್ಬಾ ಫ್ಯಾನೇ ಕಣೇ, ಸುಟ್ಟೋಗಿದೆ." ನನ್ನ ಪಿನ್ನು ಕಿತ್ತೆಸೆದು ಎಂಸಿಬಿ ಮೇಲಕ್ಕೆತ್ತಿದ. ದೀಪ ಬಂತು. "ಸರಿ ಹೋಯ್ತು. ಹೋಗು, ನಿಂಗೆ ಮೆಟ್ರೋಗೆ ಲೇಟಾಗುತ್ತೆ."

ನನಗೆ ಬಾಯಿರಲಿಲ್ಲ.

"ಯಜಮಾನ್ರೇ, ನೀವಾದ್ರೂ ಉರೀರಿ! ಅವ್ಳು ನಲ್ಲಿಗೆ ಕೈ ಹಾಕ್ತಾ ಇದಾಳೆ" ಎಂದು ಗೀಸರು ಅತ್ತ.

"ಮೂರು ಪಿನ್ನಿನೋರು ಉರಿಯೋದಿಲ್ಲ" ಎಂದ ಫ್ರಿಜ್ಜು. "ಉರಿದ್ರೆ ನಾವೂ ಅವ್ರೂ ಒಂದೇ ಆಗ್ಬಿಡ್ತೀವಿ."

ಬಚ್ಚಲಿನಲ್ಲಿ ಚೊಂಬು ಬಿದ್ದ ಸದ್ದು ಕೇಳಿಸಿತು. ಕುಸುಮಾಳ ಸದ್ದು ಕೇಳಿಸಲಿಲ್ಲ.

ಮಾರನೆಯ ದಿನ ಅವಳನ್ನು ಆಸ್ಪತ್ರೆಯಿಂದ ತಂದರು. ಫ್ಯಾನು ಶಾರ್ಟಾಗಿ ನೀರಿಗೆ ಕರೆಂಟು ಬಂತಂತೆ ಎಂದು ಬೀದಿಯವರೆಲ್ಲ ಆಡಿಕೊಂಡರು. ಸಭೆಯ ತೀರ್ಪೂ ಅದೇ ಆಯಿತು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕತೆ. ಗೀಸರು ತಲೆ ತಗ್ಗಿಸಿ ಹೂಂ ಎಂದ.

ನನ್ನನ್ನು ಗುಜರಿಗೆಂದು ಬಾಗಿಲ ಮೂಲೆಗೆ ತಳ್ಳಿದ್ದರು. ಅಷ್ಟರಲ್ಲಿ ಬಾಡಿಗೆಯ ಫ್ರೀಜರ್ ಬಾಕ್ಸ್ ಬಂತು. ನೆಂಟರೆಲ್ಲ ಸೇರುವವರೆಗೆ ಕುಸುಮಾಳನ್ನು ಅದರ ಗಾಜಿನಡಿ ಮಲಗಿಸಿದರು. "ಪಾಯಿಂಟ್ ಎಲ್ಲಿದೆ ಸಾರ್?" ಎಂದು ತಂದವನು ಕೇಳಿದ. ಅರುಣ್ ನನ್ನ ಸಾಕೆಟ್ಟು ತೋರಿಸಿದ. ತೂತಿನಲ್ಲಿ ಕುಸುಮಾ ತುರುಕಿದ್ದ ಬೆಂಕಿಕಡ್ಡಿ ಇನ್ನೂ ಸಿಕ್ಕಿಕೊಂಡಿತ್ತು. ಬಾಕ್ಸ್ ತಂದವನು ಅದನ್ನು ಉಗುರಿನಿಂದ ಕಿತ್ತು ಬಿಸಾಡಿ, ವೈರು ಚುಚ್ಚಿದ.

"ಎಷ್ಟು ಪಿನ್ನಪ್ಪಾ?" ಎಂದು ಒಳಗಿನಿಂದ ಫ್ರಿಜ್ಜು ಕೇಳಿದ.

"ಮೂರು" ಎಂದ ಫ್ರೀಜರ್ ಬಾಕ್ಸ್. "ಮೈ ಒಂಚೂರು ಸೋರುತ್ತೆ, ಅಷ್ಟೆ."

"ಬಾ ಬಾ. ನಮ್ಮೋನೇ."

ಚಿಕ್ಕಲಕ್ಷ್ಮಮ್ಮ ಅಳುತ್ತ ಬಂದು, ಪೆಟ್ಟಿಗೆಯ ತಗಡಿನ ಅಂಚಿಗೆ ಎರಡೂ ಕೈ ಊರಿ ಸೊಸೆಯ ಮುಖದ ಮೇಲೆ ಬಾಗಿದರು.