ಕೆಂಪು ರೇಷ್ಮೆ ಸುತ್ತಿದ ತಂತಿ

ಹೂಗ್ಯಂನ ಚನ್ನಾಜಮ್ಮ ಆಂಬುಲೆನ್ಸಿನೊಳಗೆ ಸತ್ತಳು. ಗಾಡಿ ಕೌದಳ್ಳಿ ದಾಟಿದ ಮೇಲೆ ಆಕ್ಸಿಜನ್ ಯಂತ್ರ ನಿಂತುಹೋಗಿತ್ತು. ಯಂತ್ರ ಇದೆಯಲ್ಲ ಎಂದು ಸಿಲಿಂಡರ್ ಇಟ್ಟಿರಲಿಲ್ಲ. ಗಾಡಿ ಓಡಿಸುವ ಗುತ್ತಿಗೆ ಕಂಪನಿ ವಯೋಸಹಜ ಸಾವು ಎಂದು ಬರೆಯಿತು. ಆಕೆಗೆ ನಲವತ್ತಾರು ವರ್ಷ.

ಹದಿನೆಂಟು ದಿನಗಳಾದ ಮೇಲೆ ಅದೇ ಗಾಡಿ ಕೊಳ್ಳೇಗಾಲದಲ್ಲಿ, ಆಟೋ ಎಲೆಕ್ಟ್ರಿಷಿಯನ್ ರಾಮಲಿಂಗಯ್ಯನ ಶೆಡ್ಡಿನ ಮುಂದೆ ಬಂದು ನಿಂತಿತು. ಡ್ರೈವರ್ ಮಾದು ಬಾನೆಟ್ ಎತ್ತಿ ಪಕ್ಕಕ್ಕೆ ಸರಿದ. ಕಂಪನಿಯ ಸೂಪರ್‌ವೈಸರ್ ಶಾಂತಮೂರ್ತಿ ರಟ್ಟಿನ ಡಬ್ಬಿಯೊಂದನ್ನು ಹಿಡಿದುಕೊಂಡು ಇಳಿದ.

“ಯಾನ ರಾಮಲಿಂಗಣ್ಣ, ತಿಂಡಿ ಆಯ್ತಾ? ತಕ, ಡಿಸಿ ಚಾರ್ಜರು, ಆಕ್ಸಿಜನ್ ಮಿಸನ್ ಬ್ಯಾಟ್ರಿ ತುಂಬ್ಸಕ್ಕೆ. ಸಂಜೆ ಒಳಗೆ ಕೂರ್ಸ್‌ಬುಡು. ನಾಳೆ ಯಳಂದೂರಲ್ಲಿ ಗಾಡಿ ತಪಾಸಣೆ. ಸತ್ತೋದ್ಳಲ್ಲ, ಅವಳ ಮಗ್ಳು ಶಿವರಂಜನಿ ಅರ್ಜಿ ಕೊಟ್ಟವಳೆ.”

ರಾಮಲಿಂಗಯ್ಯ ಬಾನೆಟ್ಟಿನೊಳಗೆ ಬಗ್ಗಿದ. ಗಾಡಿಗೆ ಎರಡು ಬ್ಯಾಟರಿ. ಮುಂದಿನದು ಇಂಜಿನ್ನಿಗೆ, ಹಿಂದಿನದು ರೋಗಿಯ ಯಂತ್ರಕ್ಕೆ. ಎರಡನ್ನೂ ಕೂಡಿಸುವ ರಿಲೇ ಇದ್ದ ಜಾಗದಲ್ಲೇ ಇತ್ತು. ಅದರ ತಂತಿಗಳಿಗೆ ಸುತ್ತಿದ್ದ ಕೆಂಪು ರೇಷ್ಮೆ ನೂಲೂ ಹಾಗೇ ಇತ್ತು.

ನೂಲು ಅವನದೇ. ಅವನು ನೇಕಾರರ ಮನೆಯವನು. ಹೆಂಡತಿಯ ಮಗ್ಗದಲ್ಲಿ ಉಳಿದ ಎಳೆ ತಂದು, ಟೇಪಿನ ಮೇಲೆ ಸುತ್ತಿ, ಮಗ್ಗದಲ್ಲಿ ಮುಗಿದ ಹಾಸಿನ ಎಳೆಗೆ ಹೊಸ ಎಳೆ ಕೂಡಿಸುವಾಗ ಹಾಕುವ ಗಂಟನ್ನೇ ಹಾಕುತ್ತಿದ್ದ. ಇಂಜಿನ್ ಕಾವಿಗೆ ಟೇಪು ಬಿಚ್ಚಿಕೊಂಡರೂ ಗಂಟು ಬಿಚ್ಚುತ್ತಿರಲಿಲ್ಲ. ಹನೂರಿನಿಂದ ಯಳಂದೂರಿನವರೆಗೆ ಯಾವ ಮೆಕ್ಯಾನಿಕ್ ನೋಡಿದರೂ ಇದು ರಾಮಲಿಂಗಣ್ಣನ ಕೆಲಸ ಎನ್ನುತ್ತಿದ್ದ.

ಯುಗಾದಿಯ ವಾರದಲ್ಲಿ ಶಾಂತಮೂರ್ತಿ ಈ ರಿಲೇ ತಂದುಕೊಟ್ಟಿದ್ದ. ಗಾಡಿ ಹೊಸದು. ರಾಮಲಿಂಗಯ್ಯ ಹಳೆಯ ಗಾಡಿಗಳಿಗೆ ಕಟ್ಟಿದ ಹಾಗೇ ಕಟ್ಟಿದ. ಇಂಜಿನ್ ಹಚ್ಚಿ ಮೀಟರ್ ಇಟ್ಟ. ಹದಿನಾಲ್ಕೂವರೆ ವೋಲ್ಟ್ ತೋರಿಸಿತು. ಎರಡು ನಿಮಿಷ ನೋಡಿ ಗಂಟು ಬಿಗಿದ.

ಈಗ ಮತ್ತೆ ಇಂಜಿನ್ ಹಚ್ಚಿ, ಮೀಟರ್ ಇಟ್ಟು ಹತ್ತು ನಿಮಿಷ ಬಿಟ್ಟ. ಅಂಕಿ ಇಳಿಯುತ್ತ ಬಂದು ಹನ್ನೆರಡೂವರೆಯಲ್ಲಿ ನಿಂತಿತು. ರಿಲೇ ಟಕ್ ಎಂದಿತು.

“ಅದ್ಯಾನಣ್ಣ?” ಮಾದು ಕೇಳಿದ.

“ಈ ಗಾಡೀಲಿ ಕರೆಂಟ್ ಮಾಡೋ ಆಲ್ಟರ್ನೇಟರ್‌ಗೆ ಬುದ್ಧಿ ಜಾಸ್ತಿ ಕಣ್ಲಾ. ಡೀಸಲ್ ಉಳಿಸ್ಬೇಕಲ್ಲ. ಮುಂದಿನ ಬ್ಯಾಟ್ರಿ ತುಂಬ್ತಿದ್ದಂಗೆ ಕೈ ಬುಟ್ಬುಡ್ತದೆ. ಅದು ಕೈ ಬುಟ್ರೆ ರಿಲೇ ಕಳಚ್ಕತದೆ. ಹಿಂದಿನ ಬ್ಯಾಟ್ರಿ ಉಪಾಸ.”

“ಎಲ್ಡು ಸಲ ಏಳಿದ್ದೆ ಸಾ ನಾನು, ಹಿಂದಿನ ಬ್ಯಾಟ್ರಿ ನಿಲ್ತಾ ಇಲ್ಲ ಅಂತ.”

“ನೀನು ಏಳದ್ ಬುಟ್ಟು ಓಡ್ಸದ್ ಕಲಿ,” ಎಂದ ಶಾಂತಮೂರ್ತಿ.

ರಾಮಲಿಂಗಯ್ಯ ಮೀಟರಿನಿಂದ ತಲೆ ಎತ್ತಲಿಲ್ಲ. “ಚಾರ್ಜರ್ ಆಕ್ಬೇಕು ಅಂತ ಆಗ್ಲೇ ಗೊತ್ತಿತ್ತಾ?”

“ಕಂಪ್ನಿ ಕೊಟ್ಟ ಸಾಮಾನ್ ಚೀಟೀಲಿ ಇತ್ತು. ಸಿಕ್ಕಿದ್ದು ರಿಲೇ, ತಂದೆ. ನೀನೂ ಕೇಳ್ಲಿಲ್ವಲ್ಲ.”

“ಕೇಳ್ಲಿಲ್ಲ.”

ಕೆಲಸ ಶುರುಮಾಡಿದ. ರಿಲೇಯ ಎರಡು ತುದಿಗಳನ್ನು ಬ್ಯಾಟರಿಗಳಿಂದ ಕಳಚಿದ, ನೂಲು ಮುಟ್ಟಲಿಲ್ಲ. ಮುಂದಿನ ಬ್ಯಾಟರಿಯಿಂದ ಫ್ಯೂಸ್ ದಾಟಿಸಿ ದಪ್ಪ ಕೇಬಲ್ ಎಳೆದು ಚಾರ್ಜರಿಗೆ ಕೊಟ್ಟ. ಚಾರ್ಜರಿನಿಂದ ಇನ್ನೊಂದು ಫ್ಯೂಸ್, ಅಲ್ಲಿಂದ ಹಿಂದಿನ ಬ್ಯಾಟರಿ. ವೋಲ್ಟ್ ನಂಬುವ ಹಾಗಿಲ್ಲ, ಇಂಜಿನ್ ಓಡುತ್ತಿದೆ ಎಂದು ಚಾರ್ಜರಿಗೆ ತಿಳಿಯಲಿ ಎಂದು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತಂತಿಯಿಂದ ಒಂದು ಸಣ್ಣ ಎಳೆ ತಂದ. ಚಾರ್ಜರಿನ ಕಪ್ಪು ಅರ್ತ್ ತಂತಿಯನ್ನು ಬ್ಯಾಟರಿಯ ತಲೆಗೆ ಕಟ್ಟಲಿಲ್ಲ. ಅಲ್ಲಿ ಗಾಡಿಯ ಸೆನ್ಸರ್ ಕೂತಿತ್ತು. ಚಾಸಿಯ ಬಣ್ಣ ಕೆರೆದು ಅಲ್ಲಿಗೆ ಬಿಗಿದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕೇಬಲ್ ಬೆರಳು ಕೊಯ್ದಿದ್ದು ರಕ್ತ ಕಂಡ ಮೇಲೆ ತಿಳಿಯಿತು.

ಟಾರ್ಚ್ ಹಿಡಿದಿದ್ದ ಮಾದು ಹೇಳಿದ: “ಆ ಮಗ್ಳು ಮಿಸನ್ ಬಟನ್ ಒತ್ತಾನೇ ಇದ್ಳು ಕಣಣ್ಣ. ಅವ್ವ ಓಗ್ಬುಟ್ಟಿದ್ಳು. ಅನೂರ್‌ಗಂಟ ಒತ್ತಾನೇ ಇದ್ಳು.”

ರಾಮಲಿಂಗಯ್ಯ ಸ್ಪ್ಯಾನರ್ ಕೇಳಿದ. ಮಾದು ಕೊಟ್ಟ.

ಮೂರು ಗಂಟೆಗೆ ಇಂಜಿನ್ ಹಚ್ಚಿದರು. ಹತ್ತು ನಿಮಿಷಕ್ಕೆ ಮುಂದಿನ ಬ್ಯಾಟರಿ ಹನ್ನೆರಡೂವರೆಗೆ ಇಳಿಯಿತು. ಹಿಂದಿನದು ಹದಿನಾಲ್ಕೂವರೆಯಲ್ಲಿ ಅಲುಗದೆ ನಿಂತಿತು. ಇಪ್ಪತ್ತು ನಿಮಿಷ. ಅರ್ಧ ಗಂಟೆ. ಯುಗಾದಿಯಲ್ಲೇ ಈ ಕೆಲಸ ಮಾಡಿದ್ದರೆ ಅರ್ಧ ದಿನ ಸಾಕಾಗುತ್ತಿತ್ತು.

“ಭೇಷ್,” ಎಂದ ಶಾಂತಮೂರ್ತಿ. “ಈಗ ಆ ರಿಲೇ ಕತ್ತರ್ಸಿ ನನ್ ಕೈಗ್ ಕೊಡು. ಗಾಡಿ ರಿಪೇರಿ ಜಾಬ್ ಕಾರ್ಡಲ್ಲಿ ಚಾರ್ಜರ್ ಕೂರ್ಸಿದ್ದು ಯುಗಾದೀಲಿ ಅಂತ ಬರಿ.”

“ರಿಲೇ ಅಲ್ಲೇ ಇರ್ಲಿ.”

“ನಿನ್ ತಲೆ ನೆಟ್ಗೈತಾ? ಕೆಂಪ್ ನೂಲ್ ಕಟ್ಟೋನು ಈ ಸೀಮೇಲಿ ನೀನೊಬ್ನೇ. ನಾಳೆ ನೋಡಿದ್ರೆ ಮೊದ್ಲು ನಿನ್ ಹೆಸ್ರೇ ಬತ್ತದೆ. ನಾನು ನಿನ್ನ ಉಳಿಸಕ್ಕೆ ಏಳ್ತಿರದು.”

“ಬರ್ಲಿ. ನೋಡ್ಬೇಕಾಗಿದ್ದು ಹತ್ ನಿಮಿಷ. ನೋಡಿದ್ದು ಎರಡು. ಅದ್ನೂ ಕೇಳ್ಲಿ. ಚೀಟೀಲಿ ಏನಿತ್ತು ಅಂತ ನಿಮ್ಮನ್ನೂ ಕೇಳ್ಲಿ.”

ಶಾಂತಮೂರ್ತಿ ಹತಾರದ ತಟ್ಟೆಯಲ್ಲಿದ್ದ ಕತ್ತರಿ ಎತ್ತಿಕೊಂಡು ಬಾನೆಟ್ಟಿನೊಳಗೆ ಬಗ್ಗಿದ. ಇಂಜಿನ್ ಓಡುತ್ತಲೇ ಇತ್ತು. ಯಾವ ತಂತಿಯಲ್ಲಿ ಕರೆಂಟ್ ಇದೆ, ಯಾವುದರಲ್ಲಿ ಇಲ್ಲ ಎಂದು ಅವನಿಗೆ ಗೊತ್ತಾಗಲಿಲ್ಲ. ಕೈ ಹಿಂದಕ್ಕೆ ತೆಗೆದು ಕತ್ತರಿಯನ್ನು ಮಾದುವಿನ ಕಡೆ ಚಾಚಿದ.

“ನೀನ್ ಕತ್ತರ್ಸ್ಲಾ.”

ಮಾದು ಬಾನೆಟ್ ಇಳಿಸಿ ಎರಡೂ ಕೈಯಿಂದ ಒತ್ತಿ ಮುಚ್ಚಿದ. ಇಂಜಿನ್ ಆರಿಸಿ, ಕೀ ತಂದು ರಾಮಲಿಂಗಯ್ಯನ ತಟ್ಟೆಯಲ್ಲಿಟ್ಟ. “ಗಾಡಿ ಇಲ್ಲೇ ಇರ್ತದೆ ಸಾ. ಬೆಳಿಗ್ಗೆ ಅಣ್ಣನ್ನೂ ಕೂರ್ಸ್ಕಂಡು ಯಳಂದೂರ್‌ಗೆ ಓಯ್ತೀನಿ.”

ರಾಮಲಿಂಗಯ್ಯ ಬೆರಳಿನ ರಕ್ತ ಒರೆಸಿಕೊಂಡು ಜಾಬ್ ಕಾರ್ಡ್ ಬರೆದ. ಚಾರ್ಜರ್ ಮುಂದೆ ಇವತ್ತಿನ ತಾರೀಕು ಹಾಕಿದ. ಅದರ ಕೆಳಗೆ, ಯುಗಾದಿಯಲ್ಲಿ ರಿಲೇ ಕಟ್ಟಿದವನು ನಾನು, ತಂದುಕೊಟ್ಟವರು ಶಾಂತಮೂರ್ತಿ ಎಂದು ಬರೆದು ರುಜು ಮಾಡಿದ.

ಶಾಂತಮೂರ್ತಿ ಅದನ್ನು ಓದಿದ. ಎರಡು ಸಲ ಓದಿದ.

“ಅರ್ದಾಕು ಇದ್ನ. ಇನ್ನೊಂದ್ ಬರಿ.”

“ಬರ್ಯಕಿಲ್ಲ,” ಎಂದ ರಾಮಲಿಂಗಯ್ಯ.