ನೆರಳಿನ ಬಳ್ಳಿಗೆ ಎರಡು ಹೊತ್ತಿನ ನೀರು

ಕೊಳೆತ ವಾಸನೆ, ಮೋರಿಯದಲ್ಲ, ಕುಂಡದ ಒಳಗಿನದೇ — ವೀಳ್ಯದೆಲೆ ಬಳ್ಳಿಯ ಬುಡಕ್ಕೆ ಭೀಮಮ್ಮ ಎರಡು ಬೆರಳು ಇಳಿಸಿದರೆ ಮಣ್ಣಲ್ಲ, ರಾಡಿ, ಬೇರು ನೆನೆದ ಹುರಿಯಂತೆ ಕರ್ರಗೆ ಕಿತ್ತು ಬಂತು, ಹಾಗಾದರೆ ಬಳ್ಳಿ ಸತ್ತದ್ದು ಕೆಳಗಿನಿಂದ, ಬೆಳಗ್ಗೆ ಒಂದು ತಂಬಿಗೆ ಸಂಜೆ ಒಂದು ತಂಬಿಗೆ ಹಾಕಿದವಳು ತಾನೇ, ಸಿಂದಗಿ ಕಡೆಯ ತವರಿನಲ್ಲಿ ಹಾಗೆಯೇ ಹಾಕುತ್ತಿದ್ದುದು, ಅಲ್ಲಿ ಅರ್ಧ ನೀರನ್ನು ಬಿಸಿಲೇ ಕುಡಿಯುತ್ತದೆ, ಇಲ್ಲಿ ಮರಾಠಿ ಸೀಮೆಯ ವಾಗ್ಳೆ ಎಸ್ಟೇಟಿನಲ್ಲಿ, ಸಾಲುಮನೆಗಳ ಈ ಚಾಳಿನ ಅಂಗಳಕ್ಕೆ ನಾಲ್ಕೂ ಕಡೆ ಗೋಡೆ, ಬಿಸಿಲು ಬಂದರೆ ಅರ್ಧ ತಾಸು, ಅದೂ ಕಾರ್ಖಾನೆ ಗೋಡೆಯ ನೆತ್ತಿ ಸವರಿ ಹೋಗುತ್ತದೆ, ಪಕ್ಕದ ಮನೆಯ ವಿಮಲಾ ಮೊದಲೇ ನಕ್ಕಿದ್ದಳು, ಭೀಮಕ್ಕ, ನೀವು ಬಳ್ಳಿಗೆ ನೀರು ಹಾಕುದಾ, ಮೀಯಿಸುದಾ ಮಾರಾಯ್ರೆ, ಅವಳ ಬಸಳೆ ಮೂರು ದಿನಕ್ಕೊಮ್ಮೆ ನೀರು ಕಂಡೂ ಹಗ್ಗ ಹಿಡಿದು ಮಾಡು ಮುಟ್ಟಿದೆ, ನೀ ಸುಮ್ನಿರವ್ವ, ಸಮುದ್ರದ ದಂಡ್ಯಾಗ ಹುಟ್ಟಿದಾಕಿಗೆ ನೀರಿನ ಬೆಲಿ ಏನ್ ಗೊತ್ತು ಎಂದು ಬಾಯಿ ಮುಚ್ಚಿಸಿದ್ದೂ ತಾನೇ.

ಮತ್ತೆ ಸೊಸೆಗೆ ಅಂದದ್ದು — ಬೇಡ, ಹಳದಿ ಎಲೆ ಆರಿಸಿ ಎಸೆದರಾಯಿತು, ಆದರೆ ಮೊದಲ ಎಲೆ ಬಿದ್ದ ದಿನವೇ ತಾನು ಅಂದಳಲ್ಲ, ಮುಟ್ಟಾದಾಕಿ ಎಲಿಬಳ್ಳಿ ಮುಟ್ಟಿದ್ರ ಹಿಂಗ ಆಗೋದು, ಇಡೀ ಚಾಳು ಕೇಳುವಂತೆ, ಸೊಸೆ ಜ್ಯೋತಿ ಇಲ್ಲೇ ಹತ್ತಿರದ ಕಲ್ಯಾಣದಲ್ಲಿ ಹುಟ್ಟಿ ಬೆಳೆದವಳು, ಎಲೆತೋಟದ ಕಟ್ಟುಪಾಡು ಅವಳಿಗೇನು ಗೊತ್ತು, ಆಯಿ, ಮೀ ಹಾತ್ ಲಾವ್ಲಾ ನಾಹಿ, ನಾ ಮುಟ್ಟಿಲ್ಲ, ಅರ್ಧ ಮರಾಠಿ ಅರ್ಧ ಕನ್ನಡ, ಹೇಳುತ್ತಲೇ ಎರಡೂ ಕೈ ದುಪಟ್ಟಾದೊಳಗೆ ಎಳೆದುಕೊಂಡಳು, ಒಂಬತ್ತು ದಿನವಾಯಿತು ತವರಿಗೆ ಹೋಗಿ, ಮಗ ಸುನಿಲ ತಟ್ಟೆಯಿಂದ ತಲೆ ಎತ್ತುವುದಿಲ್ಲ, ಅಂದಾಕಿ ನೀ, ಕರೀಬೇಕಾದಾಕೀನೂ ನೀ ಎನ್ನುತ್ತಾನೆ, ಆ ಕೈ ಒಳಗೆ ಹೋದದ್ದನ್ನು ಅವನೂ ನೋಡಿದ್ದ.

ರಾಡಿ ಬೆರಳಲ್ಲೇ ಫೋನು, ಮೂರು ರಿಂಗು, ನಾಲ್ಕು, ಆಯಿ?, ಜ್ಯೋತಿಯ ದನಿ, ಬಳ್ಳಿ ಹೆಂಗದ ಆಯಿ — ಬಯ್ಯಲಿಲ್ಲ, ಬಳ್ಳಿಯನ್ನೇ ಮೊದಲು ಕೇಳಿದಳು, ಬೇರ ಕೊಳತಾವ ಜ್ಯೋತಿ, ನಾನ ನೀರ ಹಾಕಿ ಕೊಂದೀನಿ, ನಿನ್ನ ಕೈಯಿಂದ ಆಗಿದ್ದಲ್ಲ, ತುದಿಯೊಂದು ಇನ್ನೂ ಹಸಿರದ, ಬ್ಯಾರೆ ಕುಂಡ್ಯಾಗ ಹಚ್ಚಬೇಕು, ನಿನ್ನ ಕೈಲೆ ಹಚ್ಚು ಬಾ, ಹೊರಗಾಗಿದ್ರೂ ಬಾ, ಆ ಕಡೆ ಬಳೆ ಸರಿದ ಸದ್ದು, ಬರುವಳೇ, ಬಂದರೂ ಮುಟ್ಟುವಳೇ, ಭೀಮಮ್ಮನಿಗೆ ಅಂಗಳ ಕಾಣುತ್ತಿಲ್ಲ, ಗೋಡೆ ಕಾಣುತ್ತಿಲ್ಲ, ಕೈ, ದುಪಟ್ಟಾದೊಳಗೆ ಹೋಗುತ್ತಲೇ ಇರುವ ಎರಡು ಕೈ, ಮೊದಲು ಬಳೆ, ಆಮೇಲೆ ಬೆರಳು, ಆಮೇಲೆ ಉಗುರಿನ ತುದಿ —